ಕೀಲಿನ ಸದ್ದು ಕೇಳುವ ದೋನ್ಯಾ ನೆಲಿದಾ

ನಮ್ಮ ಅರಿಕಾ ಪಟ್ಟಣದಲ್ಲಿ ಹಳೆಯ ಇಂಗ್ಲಿಷ್ ಪುಟ್ಟ ಕಾರುಗಳು ಇಂದಿಗೂ ಓಡಾಡುತ್ತಿವೆಯೆಂದರೆ ಅದರ ಹಿಂದೆ ಅನೇಕರ ಬೆವರಿದೆ. ಆದರೆ ಆ ಕಾರುಗಳ ಮುಂದಿನ ಚಕ್ರಗಳು ಹೇಳಿದ ಮಾತು ಕೇಳುತ್ತಿವೆಯೆಂದರೆ ಅದರ ಹಿಂದಿರುವವರು ಒಬ್ಬರೇ. ಬಂದರಿನ ಪಕ್ಕದ ಕೈಗಾರಿಕಾ ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಹೇಳಿ ಈ ಡಿಸೆಂಬರಿನಲ್ಲಿ ನಿವೃತ್ತರಾಗುತ್ತಿರುವ ದೋನ್ಯಾ ನೆಲಿದಾ ಚೋಕೆವಾಂಕಾ ಅವರು; ದೋನ್ಯಾ ಎಂಬುದು ನಮ್ಮಲ್ಲಿ ಹಿರಿಯ ಹೆಂಗಸರ ಹೆಸರಿಗೆ ಸೇರಿಸುವ ಗೌರವದ ಮಾತು. ಅವರ ಅಭಿನಂದನ ಗ್ರಂಥದಲ್ಲಿ ಗ್ರೀಸ್ ಮೆತ್ತಿದ ಈ ಕೈಗೂ ಒಂದಿಷ್ಟು ಜಾಗ ಸಿಕ್ಕಿದ್ದು ನನ್ನ ಭಾಗ್ಯ.

ಎತ್ತರದ ಬೆಟ್ಟದೂರಿನಿಂದ ಇಳಿದು ಬಂದ ಈ ಹೆಣ್ಣುಮಗಳು ಶಾಲೆಗೆ ಸೇರಿದ ಹೊಸತರಲ್ಲಿ, ಜಾಕ್ ಎತ್ತಲು ಗಂಡಸೊಬ್ಬನನ್ನು ಕಳಿಸಲೇ ಎಂದು ಕೇಳಿದವರಿದ್ದರಂತೆ. ಕಳಿಸಿ, ಅವನಿಗೂ ಕಲಿಸಿಕೊಡುತ್ತೇನೆ ಎಂದು ಇವರು ಹೇಳಿದರಂತೆ. ಆಮೇಲೆ ಯಾರೂ ಕೇಳಲಿಲ್ಲ.

ನಾನು ಅವರ ಕೈಕೆಳಗೆ ಬಂದಾಗ ನನಗೆ ಇಪ್ಪತ್ತಮೂರು ವರ್ಷ. ಮೀನಿನ ಹಿಟ್ಟಿನ ಕಾರ್ಖಾನೆಯ ನಾತ ಸಾಕಾಗಿ, ಮನೆಯವರ ವಿರೋಧ ಕಟ್ಟಿಕೊಂಡು ಶಾಲೆಗೆ ಸೇರಿದ್ದೆ. ಮುಂಚಕ್ರವನ್ನು ಹಿಡಿದಿರುವ ಬಾಲ್ ಜಾಯಿಂಟ್ ಎಂದರೆ ಭುಜದ ಕೀಲಿನ ಹಾಗೆ ಎಂದು ಅವರು ಮೊದಲ ದಿನವೇ ನಮ್ಮ ತೋಳು ತಿರುಗಿಸಿ ತೋರಿಸಿದ್ದರು. ಗುಂಡುತಲೆಯ ಪಿನ್ನು ಉಕ್ಕಿನ ಬಟ್ಟಲಲ್ಲಿ ಕೂತು ಎಲ್ಲ ಕಡೆಗೂ ಹೊರಳುತ್ತದೆ. ಮೇಲೆ ನಟ್ಟು ಬಿಗಿದು, ಅದರ ಕೆಳಗೆ ಉಳಿಯುವ ಸಂದನ್ನು ಅಳೆದು, ಅಷ್ಟೇ ದಪ್ಪಕ್ಕೆ ಷಿಮ್ ಎಂಬ ತೆಳು ಉಕ್ಕಿನ ಬಳೆಗಳನ್ನು ಕೂರಿಸಬೇಕು. ಒಂದು ಷಿಮ್ ಹೆಚ್ಚಾದರೆ ಚಕ್ರ ಲೊಡಲೊಡ ಎನ್ನುತ್ತದೆ. ಒಂದು ಕಡಿಮೆಯಾದರೆ ಸ್ಟೇರಿಂಗ್ ಕಲ್ಲಾಗುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಒಬ್ಬೊಬ್ಬನಿಂದ ಇಪ್ಪತ್ತು ಸಲ ಬಿಚ್ಚಿಸಿ ಇಪ್ಪತ್ತು ಸಲ ಕೂರಿಸುತ್ತಿದ್ದರು. ನಾವು ಬೆನ್ನ ಹಿಂದೆ ಬೈದುಕೊಳ್ಳುತ್ತಿದ್ದೆವು.

ಆ ವರ್ಷ ಕಾರ್ನಿವಲ್ ಹಬ್ಬ ಮಾರ್ಚಿನಲ್ಲಿ ಬಂದಿತ್ತು. ಅಸಾಪಾ ಕಣಿವೆಯ ಸೂಲಗಿತ್ತಿ ದೋನ್ಯಾ ಎದುವಿನಾ ಅವರ ಕಾರಿನ ಎಡಗಡೆಯ ಕೀಲನ್ನು ಬದಲಿಸುವ ಕೆಲಸ ನನ್ನ ಪಾಲಿಗೆ ಬಿದ್ದಿತ್ತು. ಅಂದು ಶುಕ್ರವಾರ, ಗಾಡಿಗಳಿಗೆ ಚಲ್ಲಾ ಎಂಬ ಹಬ್ಬದ ಪೂಜೆ ಮಾಡುವ ದಿನ. ಕಾರ್ಯಾಗಾರದಲ್ಲಿದ್ದ ಗಾಡಿಗಳಿಗೆಲ್ಲ ಬಣ್ಣದ ಕಾಗದದ ಮಾಲೆ ಸುತ್ತಿ, ಚಕ್ರಗಳಿಗೆ ಬಿಯರ್ ಚಿಮುಕಿಸಿ, ಬಣ್ಣದ ಕಾಗದದ ಚೂರುಗಳನ್ನು ಎರಚಿದೆವು. ದೋನ್ಯಾ ನೆಲಿದಾ ಪ್ರತಿ ವರ್ಷದಂತೆ ತಮ್ಮೂರಿನ ಹೊಲದ ನೆನಪಿಗೆಂದು ಹಸಿರು ಕಾಗದವನ್ನೇ ತಂದಿದ್ದರು. ಬೇರೆ ಬಣ್ಣವನ್ನು ಅವರು ಮುಟ್ಟುತ್ತಿರಲಿಲ್ಲ. ಹಬ್ಬ ಮುಗಿಸಿ ಬಂದು, ತೆರೆದಿಟ್ಟಿದ್ದ ಬಟ್ಟಲಿಗೆ ಗ್ರೀಸ್ ತುಂಬಿ, ಸಂದು ಅಳೆದು, ಷಿಮ್ ಕೂರಿಸಿ, ನಟ್ಟು ಬಿಗಿದೆ. ಅವರು ಚಕ್ರ ಅಲುಗಾಡಿಸಿ ನೋಡಿ ತಲೆಯಾಡಿಸಿದರು.

ಒಂಬತ್ತನೆಯ ದಿನ ಅವರು ಶಾಲೆಯ ಗೇಟಿನಲ್ಲಿ ನಿಂತಿದ್ದಾಗ ಆ ಕಾರು ರಸ್ತೆಯಲ್ಲಿ ಹಾದುಹೋಯಿತು. ಸದ್ದು ಕೇಳಿದವರೇ ಓಡಿಹೋಗಿ ಅಡ್ಡ ನಿಂತರು.

“ನೆಲಿದಾ, ದಾರಿ ಬಿಡೇ. ಅಲ್ಲೊಬ್ಬಳು ನೋವು ತಿಂತಾ ಇದಾಳೆ,” ಎಂದರು ಸೂಲಗಿತ್ತಿ.

“ಈ ಚಕ್ರ ಕಳಚಿಕೊಂಡ್ರೆ ಅವಳ ಹತ್ರ ಯಾರು ಹೋಗ್ತಾರೆ? ಇಳೀ ಅಕ್ಕಾ. ಶಾಲೆ ಲಾರೀಲಿ ನಾನೇ ಬಿಟ್ಟು ಬರ್ತೀನಿ.”

ಲಾರಿ ತಲುಪಿದ ಅರ್ಧ ಗಂಟೆಗೆ ಮಗು ಹುಟ್ಟಿತಂತೆ. ಇತ್ತ ನಾವು ಆ ಕಾರನ್ನು ಕಾರ್ಯಾಗಾರಕ್ಕೆ ತಳ್ಳಿ ತಂದೆವು. ದುರಸ್ತಿಯಾಗಿ ಹೋದ ಗಾಡಿ ಮುಂಚಕ್ರದ ದೋಷದಿಂದ ಹಿಂದಿರುಗಿದರೆ ಮಾಡಿದವನನ್ನು ಶಾಲೆಯಿಂದ ತೆಗೆಯಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ಮರುದಿನ ಎಲ್ಲರೂ ಊಟಕ್ಕೆ ಹೋದ ಮೇಲೆ ಅವರು ಸ್ಪ್ಯಾನರನ್ನು ನನ್ನ ಕೈಗಿಟ್ಟರು.

“ಬಿಚ್ಚು, ಫ್ರೊಯ್ಲಾನ್. ನಿನ್ನ ಕಣ್ಣಾರೆ ನೀನೇ ನೋಡು.”

ಬಟ್ಟಲ ತಳದ ಗ್ರೀಸಿನಲ್ಲಿ ಅರೆದುಹೋದ ಕಾಗದವಿತ್ತು, ಗುಲಾಬಿ ಬಣ್ಣದ್ದು. ಅದರ ಮೇಲೆ ಪಿನ್ನು ಕೂತಿದ್ದಾಗ ನಟ್ಟು ಎತ್ತರ ನಿಂತು ಸಂದು ಹೆಚ್ಚು ತೋರಿತ್ತು. ಕಾಗದ ಸವೆದ ಮೇಲೆ ಅಷ್ಟೂ ಸಡಿಲವಾಗಿತ್ತು. ಅವರು ಅದನ್ನು ಬೆರಳ ತುದಿಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

“ಅಳತೆ ಸರಿಯಾಗೇ ತಗೊಂಡಿದೀಯ ಕಣೋ. ಆದ್ರೆ ಹಬ್ಬಾನೂ ಸೇರಿಸಿ ಅಳೆದುಬಿಟ್ಟಿದೀಯ,” ಎಂದು ನಕ್ಕರು. ಕಾಗದವನ್ನು ಬಟ್ಟೆಗೆ ಒರೆಸಿದರು. ನಾನು ಹೊಸದಾಗಿ ಅಳೆದು ಎರಡು ಷಿಮ್ ತೆಗೆದು ಬಿಗಿದೆ.

ಆ ಸಂಜೆ ಮುಖ್ಯೋಪಾಧ್ಯಾಯರಾದ ಉರ್ಕಿಯೆತಾ ಅವರ ಮುಂದೆ ನಾವಿಬ್ಬರೂ ನಿಂತೆವು. ನಾನು ಬಾಯಿ ತೆರೆಯುವ ಮೊದಲೇ ದೋನ್ಯಾ ನೆಲಿದಾ ಹೇಳಿದರು:

“ಕಾಗದ ಬಿದ್ದದ್ದು ನನ್ನ ಕೈಯಿಂದ ಸಾರ್. ತೆಗೆಯೋದಾದ್ರೆ ನನ್ನನ್ನ ತೆಗೀರಿ.”

“ನಿಮ್ಮನ್ನ ತೆಗೆದ್ರೆ ಪಾಠ ಯಾರು ಮಾಡ್ತಾರೆ?”

“ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ.”

ಉರ್ಕಿಯೆತಾ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಶಾಲೆಯಲ್ಲಿ ಉಳಿದೆ. ಮರುವರ್ಷದಿಂದ ಚಲ್ಲಾ ದಿನ ಬಿಚ್ಚಿಟ್ಟ ಕೀಲುಗಳ ಮೇಲೆ ಬಟ್ಟೆ ಹೊದಿಸುವುದು ಶಾಲೆಯ ಪದ್ಧತಿಯಾಯಿತು. ನನ್ನ ಸ್ವಂತ ಗ್ಯಾರೇಜಿನಲ್ಲಿ ಇಂದಿಗೂ ಹಾಗೆಯೇ ನಡೆಯುತ್ತದೆ. ಅದರ ಕಾರಣವನ್ನು ದೋನ್ಯಾ ನೆಲಿದಾ ಯಾವ ತರಗತಿಯಲ್ಲೂ ಹೇಳಲಿಲ್ಲ, ನನ್ನ ಹೆಸರನ್ನಂತೂ ಎತ್ತಲೇ ಇಲ್ಲ. ಅವರು ಕೊಟ್ಟ ವಿದ್ಯೆಯಿಂದ ನಾನು ಅನ್ನ ಉಣ್ಣುತ್ತಿದ್ದೇನೆ, ಆದರೆ ಅವರ ಆ ಒಂದು ಮಾತಿನಿಂದ ಮನುಷ್ಯನಾದೆ.

ದೋನ್ಯಾ ನೆಲಿದಾ ನೂರು ಕಾಲ ಬಾಳಲಿ. ಬೆಟ್ಟದೂರಿನ ಹಾದಿ ಹತ್ತುವಾಗ ಅವರ ಮೊಣಕಾಲ ಕೀಲುಗಳು ಸಡಿಲವೂ ಆಗದೆ ಬಿಗಿಯೂ ಆಗದೆ ಹೊರಳಲಿ. ಗುರುವಾರಗಳಂದು ನನ್ನ ಗ್ಯಾರೇಜಿನ ಬಾಗಿಲಲ್ಲಿ ಕೂತು, ಹೊರಗೆ ಹೋಗುವ ಗಾಡಿಗಳ ಸದ್ದು ಕೇಳಲು ಒಪ್ಪಿಕೊಂಡಿದ್ದಾರೆ. ಕುರ್ಚಿಯನ್ನು ಈಗಾಗಲೇ ಹಾಕಿಟ್ಟಿದ್ದೇನೆ.

ಕೊನೆಗೊಂದು ಮಾತು. ಮೂವತ್ತೊಂದು ವರ್ಷದಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದನ್ನು ಅಚ್ಚಿನಲ್ಲಿ ಎಲ್ಲರೆದುರು ಹೇಳಿಬಿಡುತ್ತೇನೆ. ನೀವು ಅಂದು ಎರಚಿದ್ದು ಹಸಿರು. ಗುಲಾಬಿ ನನ್ನದು, ಮೇಡಂ. ಅದು ನಿಮಗೆ ಬಟ್ಟಲು ನೋಡಿದ ಕ್ಷಣವೇ ಗೊತ್ತಿತ್ತು.