ವಿಜಯಪುರದ ಹಾಡಿನ ಮೇಷ್ಟ್ರು

ಹೊಸ ಮನೆಯ ಮೊದಲ ಬೆಳಿಗ್ಗೆ ಹಾರ್ಮೋನಿಯಂ ತೆಗೆದು ಷಡ್ಜ ಹಿಡಿದೆ. ನನಗೇ ಕೇಳಿಸಲಿಲ್ಲ. ಪಕ್ಕದ ಮನೆ, ಎದುರು ಮನೆ, ಇಡೀ ಬೀದಿಯಲ್ಲೆಲ್ಲ ರೇಷ್ಮೆ ಎಳೆಗಳನ್ನು ಹುರಿ ಮಾಡುವ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಗದಗಿನ ಕಡೆಯ ನನ್ನ ಓದುಗರೇ, ಇದು ನೀವು ಬಲ್ಲ ವಿಜಯಪುರವಲ್ಲ, ದೇವನಹಳ್ಳಿ ತಾಲ್ಲೂಕಿನದು. ಹೆಂಡತಿಗೆ ಇಲ್ಲಿ ಶಾಲೆಯ ಕೆಲಸ ಸಿಕ್ಕಿತೆಂದು ಗದಗಿನ ಕಡೆಯಿಂದ ಬಂದವನು ನಾನು. ಹಾಡು ಕಟ್ಟಿ, ರಾಗ ಹಾಕಿ, ಸ್ವರ ಸಮೇತ ಪುಸ್ತಕ ಮಾಡಿಸಿ ಮಾರುವುದು ನನ್ನ ಕಸುಬು.

"ಈ ಗದ್ದಲದಾಗ ಹೆಂಗ ಇರ್ತೀರಿ?" ಎಂದು ಮನೆಯ ಒಡತಿ ಮುನಿರತ್ನಮ್ಮನವರನ್ನು ಕೇಳಿದೆ.

"ಕರೆಂಟ್ ಹೋಗಿ ಮೆಷಿನ್ ನಿಂತ್ರೇನೇ ನಮ್ಗೆ ಎದೆ ಢವಢವ ಅನ್ನೋದು," ಎಂದು ನಕ್ಕರು.

ಅಂಗಡಿಯಲ್ಲಿ ಪುಟಾಣಿ ಕೇಳಿದರೆ ಅಲ್ಲಿನ ಅಜ್ಜಿ, "ನನ್ ಮೊಮ್ಮಗನ್ನೇ ಕರ್ಕೊಂಡೋಗಪ್ಪ, ಮನೇಲಿ ಇರಕ್ಕೆ ಬಿಡಲ್ಲ" ಎಂದರು. ಇಲ್ಲಿ ಪುಟಾಣಿ ಎಂದರೆ ಚಿಕ್ಕ ಮಗು; ನಾವು ಪುಟಾಣಿ ಎನ್ನುವುದು ಇಲ್ಲಿ ಹುರಿಗಡಲೆ. ನಮ್ಮಲ್ಲಿ ರೊಟ್ಟಿಯನ್ನು ಅಗಿದಷ್ಟೂ ರುಚಿ. ಇಲ್ಲಿ ಮುದ್ದೆ ಅಗಿದರೆ ಊಟಕ್ಕೆ ಕೂತವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ನುಂಗಲು ಕಲಿತೆ.

ಹಾಡು ಮಾತ್ರ ಯಾರಿಗೂ ಬೇಕಾಗಲಿಲ್ಲ. ಮುನಿರತ್ನಮ್ಮ ಭಜನೆ ಮಂಡಳಿ ನಡೆಸುತ್ತಿದ್ದರು. ನನ್ನ ಒಂದು ಹಾಡನ್ನು ಅರ್ಧ ಹಾಡಿ ನಿಲ್ಲಿಸಿದರು.

"ರಾಗ ಚೆನ್ನಾಗೈತೆ ಮೇಷ್ಟ್ರೇ. ಆದ್ರೆ 'ಬಂದಾಳ' ಅಂದ್ರೆ ನಮ್ ಹೆಂಗಸ್ರು ನಗ್ತಾರೆ. 'ಬಂದವ್ಳೆ' ಅನ್ನಿ, ನಾಳೆನೇ ಹಾಡುಸ್ತೀನಿ."

ಒಂದು ಮಾತು ಬದಲಿಸಿದೆ. ಆಮೇಲೆ ಇನ್ನೊಂದು. ಕೆಲವು ವರ್ಷಗಳಲ್ಲಿ ಬದಲಿಸುವ ಅಗತ್ಯವೇ ಉಳಿಯಲಿಲ್ಲ, ಹಾಡು ಹುಟ್ಟುವಾಗಲೇ ಇಲ್ಲಿಯದಾಗಿ ಹುಟ್ಟುತ್ತಿತ್ತು. ಸುತ್ತಲಿನ ಬೂದಿಗೆರೆ, ಆವತಿಯ ಭಜನೆ ಮಂಡಳಿಗಳು ಪುಸ್ತಕ ಕೊಂಡವು. ಒಮ್ಮೆ ಸರ್ಕಾರಿ ಬಸ್ಸಿನಲ್ಲಿ ಆವತಿಯ ಹೆಂಗಸೊಬ್ಬರು ನನ್ನ ಹಾಡನ್ನೇ ಗುನುಗುತ್ತಿದ್ದರು. ತಡೆಯಲಾಗದೆ, "ಅದು ನಾನು ಬರೆದದ್ದು" ಎಂದೆ.

"ಸುಮ್ಕಿರಪ್ಪ! ಇದು ನಮ್ಮಜ್ಜಿ ಕಾಲದ್ದು," ಎಂದು ಅವರು ಕಿಟಕಿಯತ್ತ ತಿರುಗಿದರು. ಸಂತೋಷದಿಂದ ನನ್ನ ನಿಲ್ದಾಣ ದಾಟಿಹೋದದ್ದೂ ತಿಳಿಯಲಿಲ್ಲ.

ಮೊನ್ನೆ ಊರಿನಿಂದ ಅಕ್ಕ ಗಂಗವ್ವ ಫೋನ್ ಮಾಡಿದಳು. ನನಗೆ ಹಾಡು ಹೇಳಿಕೊಟ್ಟವಳೇ ಅವಳು. ಮಗಳ ಮದುವೆಗೆ ಒಂದು ಹಾಡು ಬೇಕೆಂದಳು. "ನಮ್ಮ ಮಾತಿನಾಗ ಬರಿ ತಮ್ಮಾ. ಹೆಣ್ಮಕ್ಕಳೆಲ್ಲಾ ಕೂಡಿ ಹಾಡ್ತೀವಿ."

ರಾಗ ಒಂದೇ ದಿನದಲ್ಲಿ ಬಂತು. ಮಾತು ಬರಲಿಲ್ಲ. ಮಗಳು 'ಹೊಂಟಾಳ' ಎಂದು ಬರೆಯಬೇಕಾದಲ್ಲಿ ಕೈ 'ಹೊಂಟವ್ಳೆ' ಎಂದು ಬರೆಯುತ್ತಿತ್ತು. ತಿದ್ದಿದರೆ ಬಾಡಿಗೆ ಬಟ್ಟೆಯಂತೆ ಕಾಣುತ್ತಿತ್ತು. ಹೇಗೋ ಮುಗಿಸಿ, ಹಾಡಿ ಫೋನಿನಲ್ಲಿ ಕಳಿಸಿದೆ.

ಮದುವೆಗೆ ನಾನೂ ಹೋದೆ. ಚಪ್ಪರದಲ್ಲಿ ಹೆಂಗಸರು ಎರಡು ಸಾಲು ಹಾಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ಮೆಲ್ಲಗೆ ಹತ್ತಿರ ಬಂದಳು.

"ರಾಗ ಚಲೋ ಐತಿ. ಮಾತು ಬಾಯಾಗ ಬರವಲ್ದು. ಹಳೀದ ಹಾಡ್ತೀವಿ, ಸಿಟ್ಟಾಗಬ್ಯಾಡ."

"ಸಿಟ್ಟ್ಯಾಕವ್ವಾ," ಎಂದೆ. ಅವರು ಹಳೆಯ ಹಾಡು ಎತ್ತಿಕೊಂಡರು. ನಾನು ಹಾರ್ಮೋನಿಯಂ ನುಡಿಸಿದೆ. ಬಾಲ್ಯದಲ್ಲಿ ಅಕ್ಕನ ತೊಡೆಯ ಮೇಲೆ ಕೂತು ಕಲಿತ ಹಾಡದು. ನಡುವಿನ ಒಂದು ನುಡಿ ನನಗೆ ಮರೆತಿತ್ತು.

ಹೊರಡುವಾಗ ಅಕ್ಕ ರೊಟ್ಟಿ ಕಟ್ಟಿಕೊಟ್ಟು, "ನಿಮ್ಮೂರು ಮುಟ್ಟಿದ ಮ್ಯಾಲೆ ಫೋನ್ ಮಾಡು" ಎಂದಳು.

ವಿಜಯಪುರದಲ್ಲಿ ಬಸ್ಸಿಳಿದು ಮನೆಗೆ ಬಂದರೆ, ಮುನಿರತ್ನಮ್ಮ ಜಗಲಿಯಲ್ಲೇ ಕಾದಿದ್ದರು. "ನಿಮ್ಮೂರಲ್ಲಿ ಮದ್ವೆ ಚೆನ್ನಾಗಾಯ್ತಾ ಮೇಷ್ಟ್ರೇ? ನಿಮ್ ಹಾಡು ಹಾಡುದ್ರಾ?"

"ಹಾಡಿದ್ರು," ಎಂದೆ.

"ಅಯ್ಯೋ, ಹಾಡ್ದೆ ಬಿಡ್ತಾರಾ? ಅದು ಅವರ ಮನೆ ಹಾಡಲ್ವಾ!" ಎಂದು ಸಂಭ್ರಮದಿಂದ ಎದುರು ಮನೆಯವರನ್ನು ಕೂಗಿ ಹೇಳಿದರು. ನಾನು ಬೀಗ ತೆಗೆಯುತ್ತ, ಅವರಿಗೆ ನನ್ನ ಮುಖ ಕಾಣದಂತೆ ನಿಂತಿದ್ದೆ.