ಮೋರಟಗಿಯವರನ್ನು ಹುಡುಕಿ ಮೋರಟಗಿಗೆ

ಅಂತರ್ಜಾಲದ ವಿಶ್ವಕೋಶವೊಂದರಲ್ಲಿ ನಮ್ಮ ಕಡೆಯ ಅಡ್ಡಹೆಸರುಗಳನ್ನು ವಿಂಗಡಿಸುವ ಕೆಲಸವನ್ನು ನಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದೆ. ಬಡಿಗೇರ, ಹೂಗಾರ ಎಂಬವು ಕಸುಬಿನ ವರ್ಗಕ್ಕೆ ಹೋದವು. ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಮನೆತನಗಳಿಗೆ ಬೇರೆಯೇ ವರ್ಗ ಮಾಡಬೇಕಾಯಿತು. ಇಂಡಿ, ಸಿಂದಗಿ ಊರಿನ ವರ್ಗಕ್ಕೆ. ನನ್ನದರ ಸರದಿ ಬಂದಾಗ ಕೈ ತಡೆಯಿತು. ನನ್ನ ಅಡ್ಡಹೆಸರು ಮೋರಟಗಿ. ಹುಟ್ಟಿ ಬೆಳೆದದ್ದು ಬಸವನ ಬಾಗೇವಾಡಿಯಲ್ಲಿ, ಮೋರಟಗಿ ಎಂಬ ಊರನ್ನು ಒಮ್ಮೆಯೂ ಕಂಡವನಲ್ಲ. ನಮ್ಮವರು ಯಾರಾದರೂ ಸಿಕ್ಕಾರು ಎಂಬ ಆಸೆಯಿಂದ ಒಂದು ದಿನ ಬಸ್ ಹತ್ತಿದೆ.

ಅಲ್ಲಿಯ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಕೂತಿದ್ದರು.

"ನಾ ಬಾಗೇವಾಡಿಯಿಂದ ಬಂದೇನ್ರಿ. ಇಲ್ಲಿ ಮೋರಟಗಿ ಅನ್ನೋ ಅಡ್ಡಹೆಸರಿನವ್ರ ಮನಿ ಎಲ್ಲೈತ್ರಿ?" ಎಂದು ಕೇಳಿದೆ.

"ಒಂದೂ ಇಲ್ಲ," ಅಂದರು ಅವರು. "ಊರಾಗ ಇರಾವ್ರಿಗೆ ಊರ ಹೆಸರು ಯಾರ ಇಡ್ತಾರ? ಊರು ಬಿಟ್ಟು ಹೋದ ಮ್ಯಾಲ, ಹೋದಲ್ಲಿಯವ್ರು ಹಂಗ ಕರೀತಾರ. ಇಲ್ಲಿದ್ದಾಗ ನಿಮ್ಮ ಹಿರ್ಯಾರಿಗೆ ಏನಂತಿದ್ರು, ಅದನ್ನ ಹೇಳ್ರಿ. ಮನಿ ತೋರಸ್ತೇನಿ."

ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅಜ್ಜನಿಗೆ ಗೊತ್ತಿತ್ತೇನೋ, ಆತ ಇದ್ದಾಗ ಕೇಳಬೇಕೆಂದು ನಮಗ್ಯಾರಿಗೂ ತೋಚಿರಲಿಲ್ಲ.

ಆ ಹಿರಿಯರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು, ಯಾರ ಹೋಲಿಕೆ ಎಂದು ಹುಡುಕುವವರ ಹಾಗೆ. ನಾನೂ ಅಲ್ಲಾಡದೆ ಕೂತೆ. ಏನೂ ಸಿಗಲಿಲ್ಲ ಅಂತ ಕಾಣುತ್ತದೆ. ಕಡೆಗೆ ಅಂಗಡಿಯವನ ಕಡೆ ತಿರುಗಿ ಹೇಳಿದರು:

"ಬಾಗೇವಾಡಿಯವ್ರಿಗೊಂದು ಚಾ ಕೊಡಪಾ."