ಡ್ರೋನ್ ಸುಳ್ಳೆಂದು ಸಾಧಿಸಲು ಸಾವಳಗಿಗೆ

ಮುಧೋಳದಿಂದ ಬೆಳಗಿನ ಬಸ್ಸು ಹಿಡಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಟ್ಟ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಜಮಖಂಡಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ನಿಲ್ದಾಣದಲ್ಲಿ ಮಿರ್ಚಿ ಭಜಿ ತಿಂದು ಸಾವಳಗಿ ಬಸ್ಸು ಹತ್ತಿ, ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾದ ಕಟ್ಟಿದೆ. ಆಗಿನ ಆ ಹುರುಪು ನೆನೆದರೆ ಈಗಲೂ ಮುಖ ಬೆಚ್ಚಗಾಗುತ್ತದೆ.

ಕರೆಸಿದವನು ಸೋದರಮಾವ. ಊರಿನ ಮನೆ-ಜಾಗಗಳನ್ನು ಡ್ರೋನ್ ಹಾರಿಸಿ ಅಳೆದಿದ್ದರು. ನಕ್ಷೆಯಲ್ಲಿ ಅವನ ಮನೆಗೂ ಪಕ್ಕದ ಮಹಾದೇವಕ್ಕನ ಮನೆಗೂ ನಡುವಿನ ಸಂದಿ ಪೂರ್ತಿ ಅವಳ ಪಾಲಿಗೆ ಹೋಗಿತ್ತು. ತಕರಾರು ಕೇಳಲು ಅಂದು ಸರ್ವೇಯರ್ ಬಂದಿದ್ದರು. ಆಕಾಶದಿಂದ ನೆಲ ಅಳೆಯುವುದನ್ನು ನಾನೆಂದೂ ನಂಬಿದವಳಲ್ಲ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ಬೇರೆ.

ಸಂದಿಯ ಮೇಲೆ ಬೇವಿನ ಮರ ಹರಡಿತ್ತು.

"ಸರ್, ನಿಮ್ಮ ಡ್ರೋನಿಗೆ ಎಲಿ ಕಾಣ್ತಾವೋ, ಎಲಿ ಕೆಳಗಿನ ನೆಲಾನೋ?" ಎಂದೆ.

"ಹಾರ್ಸೂಕಿಂತ ಮೊದಲ ಗಡಿಗೆ ಸುಣ್ಣ ಹಾಕ್ಸಿದ್ವಿರಿ. ಅದು ಕಂಡೈತಿ," ಎಂದರು ಸರ್ವೇಯರ್.

"ಮರದ ಕೆಳಗಿನ ಸುಣ್ಣಾನೂ? ಅಂದಾಜಿಗೆ ನಕ್ಷಾ ಅಂತಾರೇನ್ರಿ? ಗಡಿಕಲ್ಲು ತೋರಸ್ರಿ, ಒಪ್ಪತೇವಿ."

ಹುಡುಕಿದರು. ಮಾವನ ಗೋಡೆಗೆ ಹೊಂದಿ ಒಣಗಿದ ಸಗಣಿ ಕುಳ್ಳಿನ ರಾಶಿ ಇತ್ತೇ ಹೊರತು ಕಲ್ಲು ಸಿಗಲಿಲ್ಲ. ಸೇರಿದ್ದ ಜನ ನಕ್ಕರು. "ಸಾಹೇಬ್ರ, ನಮ್ಮ ಸೊಸಿ ಭಾಳ ಹುಷಾರ್ರೀ!" ಎಂದು ಮಾವ ಮೀಸೆ ತಿರುವಿದ. ಸರ್ವೇಯರ್ ಸಂದಿಯನ್ನು ತಕರಾರಿನಲ್ಲಿಟ್ಟು ಹೊರಟರು.

ಮಹಾದೇವಕ್ಕ ಮಾತ್ರ ನಗಲಿಲ್ಲ. "ಹಿತ್ತಲಕ್ಕ ಎಮ್ಮಿ ಹೋಗೂದು ಇದರಾಗ ಅಷ್ಟ ಬೇ ತಂಗಿ. ಇನ್ನ ಅದನ್ನ ಮನಿ ಮಾಳಗಿ ಹತ್ತಿಸಿ ಇಳಸ್ಲ್ಯಾ?"

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಮಾವ ನಗುತ್ತಲೇ ಹೇಳಿದ: "ಡ್ರೋನ್ ಖರೇನ ತೋರ್ಸಿತ್ತಲೇ. ಕಲ್ಲು ಕುಳ್ಳಿನ ಕೆಳಗ ಐತಿ."

ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದೆ. "ನನಗ್ಯಾಕ ಹೇಳಲಿಲ್ಲ ಮಾಮಾ?"

"ಹೇಳಿದ್ರ ಇಷ್ಟ ಛಲೋ ಮಾತಾಡ್ತಿದ್ದಿಯೇನು?"

ಕೈ ತೊಳೆದು ಹೊರಬಿದ್ದೆ. ಪಕ್ಕದ ಮನೆಯ ಬಾಗಿಲಲ್ಲಿ ಮಹಾದೇವಕ್ಕ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಳು. "ಬಿಸಲಾಗ ಹೊಂಟಿ, ಕುಡದು ಹೋಗ. ನಿನಗ ತಿಳದದ್ದು ನೀ ಹೇಳಿದಿ, ನಿಂದೇನ ತಪ್ಪು?" ಕಲ್ಲಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು ನಡೆದುಬಿಟ್ಟೆ.

ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಸರ್ವೇಯರ್ ಕೂತಿದ್ದರು. ಜಮಖಂಡಿ ಬಸ್ಸು ಎದುರಿಗೇ ನಿಂತಿತ್ತು. ಹತ್ತಿಬಿಟ್ಟಿದ್ದರೆ ಆಗುತ್ತಿತ್ತು. ಹತ್ತಲಿಲ್ಲ. ಸರ್ವೇಯರ್ ಬಳಿ ಹೋಗಿ, ನಕ್ಷೆ ಸರಿಯಿದೆ, ನಾನು ಹೇಳಿದ್ದೇ ತಪ್ಪು ಎಂದೆ.

ಅವರು ಚಹಾದ ಬಶಿ ಕೆಳಗಿಟ್ಟರು. "ಮುಂಜಾನಿನೂ ಇಷ್ಟ ಗಟ್ಟಿಯಾಗೇ ಹೇಳಿದ್ರಲ್ಲರೀ. ಯಾವದು ನಂಬ್ಲಿ?"

"ಬರ್ರಿ, ತೋರಸ್ತೇನಿ," ಎಂದೆ. ಬೆನ್ನ ಹಿಂದೆ ಬಸ್ಸು ಹೊರಟ ಸದ್ದು ಕೇಳಿಸಿತು.

ಮಾವ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಿದ್ದ. "ಯಾಕ ಸೊಸಿ, ಏನರ ಮರತಿಯೇನು?" ಎಂದವನು ನನ್ನ ಹಿಂದಿದ್ದ ಸರ್ವೇಯರನ್ನು ಕಂಡು ಅಡಕತ್ತರಿ ಕೆಳಗಿಟ್ಟ. ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಬಗ್ಗಿ ಮೊದಲ ಕುಳ್ಳು ಎತ್ತಿದೆ.